ಮಡಚಿ ಬ್ಯಾಗಿಗೆ ಹಾಕಿಕೊಳ್ಳುವ ಫೆಲ್ಟ್ ಚೌಕಾಬಾರ: ಕೈಯಲ್ಲೇ ಹೊಲಿಯೋದು ಹೇಗೆ

ನಾನು ಮೊದಲ ಸಲ ಹೊಲಿದ ಫೆಲ್ಟ್ ಚೌಕಾಬಾರ ನೋಡೋಕೆ ತುಂಬಾ ಚೆನ್ನಾಗಿತ್ತು. ಶಿವಮೊಗ್ಗಕ್ಕೆ ಹೋಗೋ ಬಸ್ಸಿನಲ್ಲಿ ಮಗಳು ಬ್ಯಾಗಿನಿಂದ ಅದನ್ನು ಎಳೆದಳು ನೋಡಿ, ನಾಲ್ಕು ಕವಡೆ, ಹದಿನಾರು ಕಾಯಿ, ಅಷ್ಟೂ ಸೀಟಿನ ಕೆಳಗೆ. ಡ್ರೈವರ್ ಬ್ರೇಕ್ ಹಾಕಿದಾಗ ಒಂದು ಕವಡೆ ಮುಂದಕ್ಕೆ ಉರುಳಿ ಎಲ್ಲೋ ಸೇರಿಕೊಂಡಿತು. ತಿಪಟೂರು ದಾಟುವವರೆಗೂ ಹುಡುಕಿದೆವು, ಸಿಗಲಿಲ್ಲ. ಮೂರು ಕವಡೆಯಲ್ಲಿ ಚೌಕಾಬಾರ ಆಡೋಕಾಗುತ್ತಾ?

ತಪ್ಪು ನನ್ನದೇ. ಆಟದ ಮನೆಗಳನ್ನು ಚಂದ ಮಾಡುವ ಭರದಲ್ಲಿ, ಇದನ್ನು ಹೇಗೆ ಮಡಚುತ್ತೇನೆ ಅಂತ ಯೋಚನೆಯನ್ನೇ ಮಾಡಿರಲಿಲ್ಲ. ಜೇಬಿನ ಬಾಯಿ ತಲೆಕೆಳಗಾಗಿತ್ತು. ಆಮೇಲೆ ಹೊಲಿದ ಮೂರಕ್ಕೂ ಮೊದಲು ಪೇಪರಿನಲ್ಲಿ ಮಡಚಿ ನೋಡಿ, ಮಡಿಕೆ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಂಡು, ಆಮೇಲೇ ಸೂಜಿ ಮುಟ್ಟಿದ್ದೇನೆ. ಇಲ್ಲಿ ಹೇಳುತ್ತಿರುವುದು ಆ ಅಳತೆ.

ಚೌಕಾಬಾರವೇ ಯಾಕೆ ಅಂದರೆ, ಮನೆಗಳು ಬರೀ 25. ಐದಕ್ಕೆ ಐದು. ಕೆಲವು ಕಡೆ ಇದನ್ನೇ ಕಟ್ಟೆಮನೆ ಅಂತಾರೆ. ನಮ್ಮಜ್ಜಿ ಜಗಲಿ ಮೇಲೆ ಇಟ್ಟಿಗೆ ಚೂರಿನಲ್ಲಿ ಎರಡು ನಿಮಿಷಕ್ಕೆ ಗೆರೆ ಎಳೆಯುತ್ತಿದ್ದರು. ಬಟ್ಟೆ ಮೇಲೆ ಆಡೋದೂ ಹೊಸದೇನಲ್ಲ. ಪಗಡೆ ಹಾಸು ಅನ್ನೋದೇ ಬಟ್ಟೆ, ಕಸೂತಿ ಹಾಕಿ ಸುತ್ತಿಡುತ್ತಿದ್ದರು. ಹಂಪಿಯಲ್ಲಿ ಕಲ್ಲುಹಾಸಿನ ಮೇಲೆ ಆಟದ ಮನೆ ಕೆತ್ತಿರುವುದನ್ನು ನೀವೂ ನೋಡಿರಬಹುದು, ಆದರೆ ಅದನ್ನು ಎತ್ತಿಕೊಂಡು ಬಸ್ ಹತ್ತೋಕಾಗಲ್ಲ.

ಏನೇನು ಬೇಕು

ಫೆಲ್ಟ್ ಅಂದರೆ ನೇಯದೆ, ನಾರನ್ನು ಒತ್ತಿ ಮಾಡಿದ ಬಟ್ಟೆ. ಹಾಸು-ಹೊಕ್ಕು ಇಲ್ಲ, ಹಾಗಾಗಿ ಕತ್ತರಿಸಿದ ಅಂಚು ಎಳೆ ಬಿಡಲ್ಲ, ಅಂಚು ಮಡಚುವ ಕೆಲಸವೂ ಇಲ್ಲ. ಕ್ರಾಫ್ಟ್ ಸಾಮಾನು ಇಟ್ಟಿರುವ ಸ್ಟೇಷನರಿ ಅಂಗಡಿಗಳಲ್ಲಿ ಎ4 ಹಾಳೆಯ ಅಳತೆಯಲ್ಲಿ ಸಿಗುತ್ತದೆ. ಇದರಲ್ಲಿ ಎರಡು ಥರ ಇದೆ. ಒಂದು ಮೆತ್ತಗೆ, ತೆಳ್ಳಗೆ, ಸುಮಾರು 1 ಮಿಲಿಮೀಟರ್. ಇನ್ನೊಂದು 2 ಮಿಲಿಮೀಟರ್, ಸ್ವಲ್ಪ ಗಡುಸು. ಆಟದ ಹಾಸಿಗೆ ದಪ್ಪದ್ದು ಒಂದು ಹಾಳೆ ತಗೊಳ್ಳಿ, ಕಡು ಹಸಿರೋ ಕಡು ನೀಲಿಯೋ ಆಗಲಿ. ತಿಳಿ ಬಣ್ಣ ಬೇಡವೇ ಬೇಡ, ಮಕ್ಕಳ ಕೈ, ಚಕ್ಕುಲಿ ಎಣ್ಣೆ ಎಲ್ಲಾ ಗೊತ್ತಲ್ಲ. ಜೇಬು ಮತ್ತು ಕಾಯಿಗಳಿಗೆ ತೆಳುವಾದದ್ದು: ಕೆಂಪು, ಹಳದಿ, ಬಿಳಿ, ಕಿತ್ತಳೆ ಒಂದೊಂದು, ಜೇಬಿಗೆ ಇಷ್ಟವಾದ ಇನ್ನೊಂದು ಬಣ್ಣ.

ಹಿಂಬದಿಗೆ ಬ್ಲೌಸ್ ಪೀಸ್. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲಾ ಕೊಟ್ಟದ್ದು ಬೀರುವಿನಲ್ಲಿ ಒಂದು ರಾಶಿ ಬಿದ್ದಿರುತ್ತಲ್ಲ, ಅದರಲ್ಲಿ ಕಾಟನ್ ಇರುವುದನ್ನು ಆರಿಸಿ. ಜಾರುವ ಪಾಲಿಯೆಸ್ಟರ್ ಪೀಸ್ ಇದಕ್ಕೆ ಆಗಲ್ಲ.

ಕಸೂತಿ ದಾರ ಬಿಳಿ ಎರಡು ಲಡಿ, ನಾಲ್ಕು ಕಾಯಿಗಳ ಬಣ್ಣದ್ದು ಒಂದೊಂದು. ಉದ್ದ ಕಣ್ಣಿನ ಕಸೂತಿ ಸೂಜಿ, ಗುಂಡುಸೂಜಿ, ಅಳತೆಪಟ್ಟಿ, ಬಾಯಿ ಚೂಪಾದ ಕತ್ತರಿ. ರವಿಕೆಗೆ ಹಾಕುವ ಟಿಚ್ ಬಟನ್ ಮೂರು ಜೊತೆ. ಒಂದು ದೊಡ್ಡ ಗುಂಡಿ. ಹಳೇ ಅಂಗಿಯಿಂದ ಕಿತ್ತ ಚಪ್ಪಟೆ ಗುಂಡಿ 16, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕಡು ಬಣ್ಣದ ಬಟ್ಟೆ ಮೇಲೆ ಗುರುತು ಮಾಡೋಕೆ ಟೈಲರ್ ಚಾಕ್ ಬೇಕೇ ಬೇಕು ಅಂತಿಲ್ಲ, ಸವೆದು ತೆಳ್ಳಗಾದ ಮೈ ಸೋಪಿನ ಚೂರು ಅದಕ್ಕಿಂತ ಸಣ್ಣ ಗೆರೆ ಎಳೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಕವಡೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಅಳತೆಯ ಚಿಕ್ಕವು ಐದು ಆರಿಸಿ. ಅಂಗಡಿಯಲ್ಲೇ ನಾಲ್ಕು ಸಲ ಕೈಯಲ್ಲಿ ಕುಲುಕಿ ಹಾಕಿ ನೋಡಿ, ಬೆನ್ನು ತೀರಾ ಗೂನಾಗಿರುವ ಕವಡೆ ಯಾವಾಗಲೂ ಒಂದೇ ಕಡೆಗೆ ಬೀಳುತ್ತದೆ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ.

ಮೊದಲು ಪೇಪರ್ ಮಡಚಿ

ಒಂದು ಎ4 ಹಾಳೆ ತೆಗೆದುಕೊಂಡು ಉದ್ದಕ್ಕೆ ಇಟ್ಟುಕೊಳ್ಳಿ. ಅಗಲ 21, ಉದ್ದ 29.7 ಸೆಂಟಿಮೀಟರ್. ಫೆಲ್ಟ್ ಹಾಳೆಯನ್ನೂ ಒಮ್ಮೆ ಅಳೆದುಬಿಡಿ, ಹೆಸರಿಗೆ ಎ4 ಆದರೂ ಅರ್ಧ ಸೆಂಟಿಮೀಟರ್ ಆಚೀಚೆ ಇರಬಹುದು.

ಕೆಳಗಿನ ಅಂಚಿನಿಂದ 0.5 ಬಿಟ್ಟು, ಅಲ್ಲಿಂದ 4 ಸೆಂಟಿಮೀಟರಿಗೆ ಒಂದರಂತೆ ಅಡ್ಡಗೆರೆ: 4.5, 8.5, 12.5, 16.5, 20.5. ಎಡ ಅಂಚಿನಿಂದಲೂ ಹಾಗೇ ಉದ್ದಗೆರೆ: 4.5, 8.5, 12.5, 16.5. ಇಷ್ಟಕ್ಕೆ 25 ಮನೆ ಆಯಿತು. ಸುತ್ತಲಿನ ಹೊರಗೆರೆ ಹಾಕೋದು ಬೇಡ, ಅಂಚಿನ ಹೊಲಿಗೆಯೇ ಆ ಕೆಲಸ ಮಾಡುತ್ತದೆ. ಮೇಲೆ ಉಳಿದ 9 ಸೆಂಟಿಮೀಟರ್ ಚಿಲ್ಲರೆ ಪಟ್ಟಿಯೇ ನಮ್ಮ ಮುಚ್ಚಳ, ಅದರ ಮೇಲೇ ಜೇಬು.

ಈಗ ಮಡಚಿ. 8.5ರ ಗೆರೆಯಲ್ಲಿ ಕೆಳಗಿನ ಎರಡು ಸಾಲು ಮೇಲಕ್ಕೆ. ಆಮೇಲೆ 20.5ರ ಗೆರೆಯಲ್ಲಿ ಮೇಲಿನ ಪಟ್ಟಿ ಕೆಳಕ್ಕೆ, ಅದರ ಮೇಲೆ. ಉದ್ದನೆಯ ಪರ್ಸ್ ಥರ 21ಕ್ಕೆ 12 ಸೆಂಟಿಮೀಟರಿನ ಕಟ್ಟು ಆಗುತ್ತದೆ. ಎರಡೂ ಮಡಿಕೆ ಗೆರೆಯ ಮೇಲೇ ಬೀಳುತ್ತವೆ, ಯಾವ ಮನೆಯ ನಡುವೆಯೂ ಸುಕ್ಕು ಬರಲ್ಲ. ಸರಿಯಾಗಿ ಮೂರು ಸಮಭಾಗ ಮಾಡೋಣ ಅಂತ ಆಸೆಯಾಗುತ್ತದೆ, ಮಾಡಬೇಡಿ, ಮನೆ ಮಧ್ಯೆ ಉಬ್ಬು ಬಂದರೆ ಕಾಯಿ ನಿಲ್ಲಲ್ಲ.

ಪೇಪರ್ ಮಡಚಿದ ಹಾಗೇ ಹಿಡಿದುಕೊಂಡು, ಮುಚ್ಚಳದ ಒಳಮೈಯಲ್ಲಿ ಯಾವ ಕಡೆ ಮೇಲಿದೆ ಅಂತ ಪೆನ್ನಿನಲ್ಲಿ ಒಂದು ಬಾಣ ಹಾಕಿ. ಬಿಡಿಸಿ ನೋಡಿ. ಬಾಣ ಆಟದ ಮನೆಗಳ ಕಡೆಗೆ ತಿರುಗಿರುತ್ತದೆ! ಹಾಸು ಬಿಡಿಸಿಟ್ಟಾಗ ಜೇಬಿನ ಬಾಯಿ ಹೊರ ಅಂಚಿನ ಕಡೆ ಇದ್ದರೇ ಸರಿ ಅಂತ ಕಣ್ಣಿಗೆ ಕಾಣುತ್ತದೆ. ನಾನು ಮೋಸ ಹೋದದ್ದು ಅಲ್ಲೇ. ಮಡಚಿದಾಗ ಅದೇ ಬಾಯಿ ಕೆಳಕ್ಕೆ ಬರುತ್ತದೆ. ಜೇಬಿನ ಬಾಯಿ ಯಾವಾಗಲೂ ಮನೆಗಳ ಕಡೆಗೇ ಇರಬೇಕು.

ಮನೆ ಹಾಕುವುದು

ಪೇಪರಿನ ಅಳತೆಯನ್ನು ಸೋಪಿನ ಚೂರಿನಿಂದ ಫೆಲ್ಟ್ ಮೇಲೆ ಎಳೆಯಿರಿ. ಬಟ್ಟೆಯನ್ನು ಎಳೆದು ಹಿಡಿಯಬೇಡಿ, ಫೆಲ್ಟ್ ಸ್ವಲ್ಪ ಹಿಗ್ಗುತ್ತದೆ, ಹಿಗ್ಗಿದ ಮೇಲೆ ಹಾಕಿದ ಗೆರೆ ಬಿಟ್ಟಾಗ ಸೊಟ್ಟ ಆಗಿರುತ್ತದೆ.

ಐದು ಕಟ್ಟೆಗಳು ಮೊದಲು. ನಾಲ್ಕು ಬದಿಗಳ ನಡುವಿನ ಮನೆ ನಾಲ್ಕು, ಮಧ್ಯದ ಹಣ್ಣಿನ ಮನೆ ಒಂದು. ಬಣ್ಣದ ಫೆಲ್ಟಿನಲ್ಲಿ 3.4 ಸೆಂಟಿಮೀಟರ್ ಚೌಕ ಕತ್ತರಿಸಿ: ಬದಿಗಳಿಗೆ ಕೆಂಪು, ಹಳದಿ, ಬಿಳಿ, ಕಿತ್ತಳೆ, ಮಧ್ಯಕ್ಕೆ ಜೇಬಿನ ಬಣ್ಣ. ಮನೆಯ ನಟ್ಟನಡುವೆ ಇಟ್ಟು, ಗುಂಡುಸೂಜಿ ಚುಚ್ಚಿ, ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಯಿರಿ. ಕಟ್ಟೆಗೆ ಬೇಕಾದ ಕತ್ತರಿ ಗುರುತೂ ಆಯಿತು, ತುಂಡು ಅಂಟಿಕೊಂಡೂ ಆಯಿತು. ಅಂಚು ಮೇಲೇಳುತ್ತದೆ ಅನಿಸಿದರೆ ಸುತ್ತ ಒಂದು ಸಾಲು ಸಣ್ಣ ಹೊಲಿಗೆ ಹಾಕಿ. ಗೋಂದು ಹಾಕೋಣ ಅನ್ನಬೇಡಿ, ತೆಳು ಫೆಲ್ಟಿನಲ್ಲಿ ಗೋಂದು ಮೇಲಕ್ಕೆ ಇಂಗಿ ಕಲೆಯಾಗುತ್ತದೆ, ಮೇಲಾಗಿ ಒಣಗಿದ ಗೋಂದಿನೊಳಗೆ ಸೂಜಿ ಇಳಿಯಲ್ಲ.

ಇನ್ನು ಗೆರೆಗಳು. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ. ಅದರಲ್ಲಿ ಮೂರು ಬೇರೆ ಮಾಡಿ. ಒಂದೂವರೆ ಮೊಳ ದಾರ ಸಾಕು, 20 ಸೆಂಟಿಮೀಟರಿನ ಒಂದು ಗೆರೆಗೆ ಸರಿಹೋಗುತ್ತದೆ. ಜಾಸ್ತಿ ಉದ್ದ ತಗೊಂಡರೆ ಪದೇ ಪದೇ ಸೂಜಿ ಪೋಣಿಸುವುದು ತಪ್ಪುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ, ಅದು ಅರ್ಧ ದಾರಿಯಲ್ಲಿ ಗಂಟಾಗಿ ಇರುವ ಸಮಯವನ್ನೂ ತಿನ್ನುತ್ತದೆ.

ಹೊಲಿಗೆ ಬ್ಯಾಕ್ ಸ್ಟಿಚ್. ಸೂಜಿ ಮೇಲಕ್ಕೆ ಬಂದ ಜಾಗದಿಂದ 4 ಮಿಲಿಮೀಟರ್ ಹಿಂದಕ್ಕೆ ಹೋಗಿ ಕೆಳಗಿಳಿಸಿ, ಮೊದಲು ಮೇಲೆ ಬಂದ ಜಾಗಕ್ಕಿಂತ 4 ಮಿಲಿಮೀಟರ್ ಮುಂದೆ ಮೇಲಕ್ಕೆ ತೆಗೆಯಿರಿ. ಮತ್ತೆ ಹಿಂದಿನ ಹೊಲಿಗೆಯ ತುದಿಗೇ ಬಂದು ಇಳಿಸಿ. ಬಿಡುವಿಲ್ಲದ ಗೆರೆ ಬರುತ್ತದೆ. ಬರೀ ರನ್ನಿಂಗ್ ಸ್ಟಿಚ್ ಬೇಗ ಆಗುತ್ತದೆ ನಿಜ, ಆದರೆ ಮಧ್ಯೆ ಮಧ್ಯೆ ಬಿಟ್ಟ ಗೆರೆ ಬಸ್ಸಿನ ಮಂದ ಬೆಳಕಿನಲ್ಲಿ ಕಾಣಲ್ಲ, ಕಾಯಿ ಯಾವ ಮನೆಯಲ್ಲಿತ್ತು ಅಂತ ಜಗಳ ಶುರು. ದಾರವನ್ನು ಬಿಗಿಯಾಗಿ ಎಳೆಯಬೇಡಿ. ಫೆಲ್ಟ್ ಸುರುಟಿಕೊಂಡರೆ ಇಸ್ತ್ರಿಯಲ್ಲಿ ಸರಿ ಮಾಡೋಣ ಅಂತ ಹೋಗುತ್ತೀರಿ, ಈ ಹಾಳೆಗಳು ಬಹುಪಾಲು ಅಕ್ರಿಲಿಕ್ ಇಲ್ಲವೇ ಪಾಲಿಯೆಸ್ಟರ್, ಬಿಸಿ ಇಸ್ತ್ರಿ ತಾಗಿದರೆ ಕರಗುತ್ತವೆ. ಇಸ್ತ್ರಿ ಹಾಕಲೇಬೇಕಾದರೆ ಮೇಲೆ ಕಾಟನ್ ಬಟ್ಟೆ ಹಾಕಿ, ತೀರಾ ಕಮ್ಮಿ ಬಿಸಿಯಲ್ಲಿ, ಉಜ್ಜದೆ ಸುಮ್ನೆ ಒತ್ತಿ ತೆಗೆಯಿರಿ.

ಒಂಬತ್ತು ಗೆರೆ ನನಗೆ ಎರಡು ಸಂಜೆ ಹಿಡಿಯಿತು. ಏಳೆಂಟು ವರ್ಷದ ಮಕ್ಕಳಿದ್ದರೆ ಒಂದೆರಡು ಗೆರೆ ಅವರಿಗೇ ಬಿಡಿ, ಸೊಟ್ಟಪಟ್ಟ ಆಗುತ್ತದೆ, ಆಗಲಿ. ನಮ್ಮ ಹಾಸಿನಲ್ಲಿ ನಾಲ್ಕನೇ ಅಡ್ಡಗೆರೆ ಹಾವಿನ ಥರ ಇದೆ. ಅದನ್ನು ತಾನು ಹೊಲಿದದ್ದು ಅಂತ ಮಗಳು ಬಂದವರಿಗೆಲ್ಲಾ ತೋರಿಸುತ್ತಾಳೆ.

ಚಿಕ್ಕ ಮಕ್ಕಳಿಗೆ ದಾರಿ ಮರೆಯದಿರಲಿ ಅಂತ ನಾನು ಒಂದು ಕೆಲಸ ಮಾಡಿದೆ. ಪ್ರತಿ ಕಟ್ಟೆಯ ಎಡಗಡೆಯ ಮನೆಯಲ್ಲಿ, ಅಂದರೆ ಆ ಬದಿಯಲ್ಲಿ ಕೂತವರ ಎಡಕ್ಕೆ, ಆ ಕಟ್ಟೆಯ ಬಣ್ಣದ ದಾರದಲ್ಲಿ ಒಳಮುಖವಾಗಿ ಒಂದು ಪುಟ್ಟ ಬಾಣ. ಅಲ್ಲಿಂದಲೇ ಕಾಯಿ ಒಳಸುತ್ತಿಗೆ ತಿರುಗೋದು.

ಜೇಬು

ತೆಳು ಫೆಲ್ಟಿನಲ್ಲಿ 24ಕ್ಕೆ 6.5 ಸೆಂಟಿಮೀಟರ್ ಪಟ್ಟಿ ಕತ್ತರಿಸಿ. ಹಾಸಿನ ಅಗಲ 21 ತಾನೇ, 24 ಯಾಕೆ? ಕವಡೆಗೆ ಉಬ್ಬು ಇದೆಯಲ್ಲ. ಪಟ್ಟಿಯನ್ನು ಸರಿಯಾಗಿ 21ಕ್ಕೆ ಕತ್ತರಿಸಿ ಹೊಲಿದರೆ ಒಳಗೆ ನಾಲ್ಕು ಕವಡೆ ಹಾಕಿದ ತಕ್ಷಣ ಮುಚ್ಚಳ ಬಾಳೆಹಣ್ಣಿನ ಥರ ಬಾಗುತ್ತದೆ.

ಪಟ್ಟಿಯ ಮೇಲೆ 8 ಮತ್ತು 16ರಲ್ಲಿ ಗುರುತು, ಮುಚ್ಚಳದ ಮೇಲೆ 7 ಮತ್ತು 14ರಲ್ಲಿ ಗುರುತು. ಪಟ್ಟಿಯ ಕೆಳ ಅಂಚು ಮುಚ್ಚಳದ ಹೊರ ಅಂಚಿಗೆ ಕೂರಬೇಕು, ಬಾಯಿ ಮನೆಗಳ ಕಡೆಗೆ. ಮೂರನೇ ಸಲ ಹೇಳುತ್ತಿದ್ದೇನೆ, ಪರವಾಗಿಲ್ಲ. ಗುರುತಿಗೆ ಗುರುತು ಸೇರಿಸಿ ಎರಡು ಗೆರೆ ಬ್ಯಾಕ್ ಸ್ಟಿಚ್ ಹಾಕಿದರೆ ಮೂರು ಖಾನೆ. ಬಾಯಿಯ ತುದಿಯಲ್ಲಿ ಅದೇ ಜಾಗದಲ್ಲಿ ಎರಡು ಮೂರು ಸಲ ಹೊಲಿಗೆ ಹಾಕಿ ಗಟ್ಟಿ ಮಾಡಿ, ಮಕ್ಕಳು ಬೆರಳು ತೂರಿಸಿ ಎಳೆಯೋದು ಅಲ್ಲೇ. ಪ್ರತಿ ಖಾನೆಯ ಕೆಳಗೆ ಉಳಿದ ಒಂದು ಸೆಂಟಿಮೀಟರನ್ನು ಸೀರೆ ನೆರಿಗೆ ಥರ ಒಂದು ಪುಟ್ಟ ನೆರಿಗೆ ಮಾಡಿ, ಸಾದಾ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಡಿ. ಎರಡು ಪಕ್ಕದ ಅಂಚುಗಳನ್ನೂ ಹಾಗೇ ಕಚ್ಚಾ ಹಾಕಿ.

ಖಾನೆಗೊಂದು ಟಿಚ್ ಬಟನ್. ಒಂದು ಭಾಗ ಜೇಬಿನ ಒಳಬಾಯಿಗೆ, ಇನ್ನೊಂದು ಅದರ ಎದುರಿಗೆ ಮುಚ್ಚಳಕ್ಕೆ. ಇಲ್ಲಿ ಕಸೂತಿ ದಾರ ಬೇಡ, ಗಟ್ಟಿ ಹೊಲಿಗೆ ದಾರ ಎರಡೆಳೆ ಹಾಕಿ, ಒಂದೊಂದು ತೂತಿಗೆ ನಾಲ್ಕು ಸಲವಾದರೂ ಸುತ್ತಿ.

ಮಡಿಕೆಯ ಗೆರೆಗೂ ಜೇಬಿನ ಬಾಯಿಗೂ ನಡುವೆ ಸುಮಾರು ಎರಡೂಮುಕ್ಕಾಲು ಸೆಂಟಿಮೀಟರ್ ಖಾಲಿ ಇದೆ ನೋಡಿ. ಅದನ್ನು ಸುಮ್ನೆ ಬಿಟ್ಟಿಲ್ಲ. ಒಳಗೆ ಸಾಮಾನು ತುಂಬಿದ ಮೇಲೆ ಮುಚ್ಚಳ ಸುತ್ತಿ ಬರೋಕೆ ಅಷ್ಟು ಜಾಗ ಬೇಕು. ಜೇಬನ್ನು ದೊಡ್ಡದು ಮಾಡೋಣ ಅಂತ ಅದನ್ನು ತಿನ್ನಬೇಡಿ.

ಹಿಂಬದಿ ಮತ್ತು ಅಂಚು

ಈಗ ಹಾಸನ್ನು ತಿರುಗಿಸಿದರೆ ಗಂಟು, ದಾರದ ಬಾಲ ಎಲ್ಲಾ ಕಾಣುತ್ತದೆ. ಅದನ್ನು ಮುಚ್ಚೋಕೇ ಬ್ಲೌಸ್ ಪೀಸ್. ಅದಕ್ಕೇ ಹಿಂಬದಿ ಕೊನೆಗೆ, ಮೊದಲೇ ಹಾಕಿಬಿಟ್ಟರೆ ಗಂಟುಗಳು ಹೊರಗೇ ಉಳಿಯುತ್ತವೆ.

ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಹಾಸು ಸುರುಟಿಕೊಳ್ಳುತ್ತದೆ. ನಾಲ್ಕೂ ಕಡೆ 1 ಸೆಂಟಿಮೀಟರ್ ಜಾಸ್ತಿ ಇಟ್ಟು, ಅಂದರೆ 23ಕ್ಕೆ 31.7 ಕತ್ತರಿಸಿ, ಆ ಒಂದು ಸೆಂಟಿಮೀಟರ್ ಒಳಕ್ಕೆ ಮಡಚಿ ಇಸ್ತ್ರಿ ಹಾಕಿ. ಇದು ಕಾಟನ್, ಬಿಸಿ ಇಸ್ತ್ರಿ ನಡೆಯುತ್ತದೆ. ಮಡಚಿದ ಅಂಚು ಒಳಗೆ ಬರುವ ಹಾಗೆ ಫೆಲ್ಟಿನ ಬೆನ್ನಿಗೆ ಇಟ್ಟು ಸುತ್ತಲೂ ಗುಂಡುಸೂಜಿ.

ಗುಂಡಿಯ ಕುಣಿಕೆಯನ್ನು ಈಗಲೇ ಸೇರಿಸಬೇಕು. ಕಸೂತಿ ದಾರದ ಆರೆಳೆಯವು ಮೂರು ತಗೊಂಡು ಜಡೆ ಹೆಣೆದರೆ ಗಟ್ಟಿ ಹುರಿ ಆಗುತ್ತದೆ. ಹತ್ತು ಸೆಂಟಿಮೀಟರ್ ಸಾಕು. ಎರಡಾಗಿ ಮಡಚಿ, ತುದಿಗೆ ಗಂಟು ಹಾಕಿ, ಮುಚ್ಚಳದ ಹೊರ ಅಂಚಿನ ನಡುವೆ ಫೆಲ್ಟಿಗೂ ಬಟ್ಟೆಗೂ ಮಧ್ಯೆ ಗಂಟು ಒಳಗೆ ಹೋಗುವಂತೆ ಸಿಗಿಸಿ, ನಾಲ್ಕು ಹೊಲಿಗೆ ಹಾಕಿ.

ಅಂಚಿಗೆ ಬ್ಲಾಂಕೆಟ್ ಸ್ಟಿಚ್. ಕಾಜಾ ಹೊಲಿಗೆ ಗೊತ್ತಿದ್ದವರಿಗೆ ಇದು ಅದರ ತಂಗಿ, ಸ್ವಲ್ಪ ಬಿಡಿ ಬಿಡಿಯಾಗಿ ಹಾಕೋದು. ಗಂಟನ್ನು ಎರಡು ಪದರದ ನಡುವೆ ಬಚ್ಚಿಟ್ಟು ಸೂಜಿಯನ್ನು ಅಂಚಿನಿಂದ ಹೊರಕ್ಕೆ ತನ್ನಿ. ಅಂಚಿನಿಂದ 5 ಮಿಲಿಮೀಟರ್ ಒಳಗೆ, 5 ಮಿಲಿಮೀಟರ್ ಪಕ್ಕಕ್ಕೆ ಮೇಲಿನಿಂದ ಚುಚ್ಚಿ, ಸೂಜಿ ಹಿಂದಿನಿಂದ ಬರುವಾಗ ದಾರ ಅದರ ಕೆಳಗೆ ಸಿಕ್ಕಿಕೊಂಡಿರಲಿ. ಎಳೆದರೆ ಅಂಚಿನ ಮೇಲೆ ದಾರ ಕೂರುತ್ತದೆ. ಹೀಗೇ ಸುತ್ತಲೂ. ಮೂಲೆಯಲ್ಲಿ ಒಂದೇ ತೂತಿನಿಂದ ಮೂರು ಹೊಲಿಗೆ: ಒಂದು ಈ ಕಡೆಗೆ, ಒಂದು ಓರೆ, ಒಂದು ಆ ಕಡೆಗೆ. ಜೇಬಿನ ಮೂರು ಅಂಚೂ ಇದೇ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಆಮೇಲೆ ಕಚ್ಚಾ ದಾರ ಕಿತ್ತುಬಿಡಿ. ನೆರಿಗೆ ಇರುವಲ್ಲಿ ಪದರ ಜಾಸ್ತಿ, ಸೂಜಿ ಹೋಗದಿದ್ದರೆ ಬೆರಳಿಗೆ ಅಂಗುಸ್ತಾನ ಹಾಕಿ ತಳ್ಳಿ.

ಕಾಯಿಗಳು

ಒಂದು ಬಣ್ಣಕ್ಕೆ ನಾಲ್ಕರಂತೆ ಹದಿನಾರು. ಒಂದೊಂದಕ್ಕೂ 1.8 ಸೆಂಟಿಮೀಟರ್ ಅಡ್ಡಳತೆಯ ಎರಡು ಬಿಲ್ಲೆ, ಅಂದರೆ ಒಟ್ಟು 32. ಒಂದು ಮನೆಯಲ್ಲಿ ನಾಲ್ಕು ಕಾಯಿ ಕೂರಬೇಕಲ್ಲ, ಅದಕ್ಕೇ ಈ ಅಳತೆ. ಫೆಲ್ಟ್ ಮೇಲೆ ಗೆರೆ ಎಳೆದು ದುಂಡಗೆ ಕತ್ತರಿಸೋದು ಕಷ್ಟ. ಪೇಪರಿನಲ್ಲಿ ಬಿಲ್ಲೆ ಕತ್ತರಿಸಿ ಸೆಲ್ಲೋ ಟೇಪಿನಲ್ಲಿ ಫೆಲ್ಟಿಗೆ ಅಂಟಿಸಿ, ಟೇಪಿನ ಸಮೇತ ಕತ್ತರಿಸಿ, ಆಮೇಲೆ ಟೇಪ್ ಕೀಳಿ. ಕತ್ತರಿಯನ್ನು ಆಡಿಸದೆ ಫೆಲ್ಟನ್ನು ತಿರುಗಿಸಿದರೆ ದುಂಡಗೆ ಬರುತ್ತದೆ.

ಬರೀ ಫೆಲ್ಟ್ ಬಿಲ್ಲೆ ಹಗುರ, ಫ್ಯಾನ್ ಗಾಳಿಗೇ ಹಾರುತ್ತದೆ, ಇನ್ನು ಬಸ್ಸಿನ ಕಿಟಕಿ ಪಕ್ಕ ಕೇಳಬೇಕಾ? ಅದಕ್ಕೇ ಆ ಅಂಗಿ ಗುಂಡಿಗಳು. ಎರಡು ಬಿಲ್ಲೆ ನಡುವೆ ಒಂದು ಗುಂಡಿ ಇಟ್ಟು, ಎರಡೆಳೆ ದಾರದಲ್ಲಿ ಸುತ್ತ ಬ್ಲಾಂಕೆಟ್ ಸ್ಟಿಚ್ ಹಾಕಿ. ತೂಕವೂ ಬರುತ್ತದೆ, ಚಪ್ಪಟೆಯಾಗೂ ಕೂರುತ್ತದೆ. ಇದು ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ದಿನಕ್ಕೆ ನಾಲ್ಕರಂತೆ ಮಾಡಿ.

ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಕಾಯಿ, ಕವಡೆ ಎರಡೂ ಕೈಗೆ ಸಿಗದ ಹಾಗೆ ಇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆಯವೇ ಇವು.

ಕೊನೆಗೆ ಗುಂಡಿ. ಕಾಯಿ ಕವಡೆ ಎಲ್ಲಾ ತುಂಬಿ, ಮಡಚಿ, ಕುಣಿಕೆ ಎಲ್ಲಿ ಬರುತ್ತದೆ ನೋಡಿ, ಆ ಜಾಗದಲ್ಲಿ ಬ್ಲೌಸ್ ಪೀಸಿನ ಮೇಲೆ ಗುರುತು ಹಾಕಿ, ಗುಂಡಿ ಹೊಲಿಯಿರಿ. ಖಾಲಿ ಇರುವಾಗ ಅಳೆದು ಹೊಲಿದರೆ ತುಂಬಿದ ಮೇಲೆ ಕುಣಿಕೆ ತಲುಪಲ್ಲ. ಸೂಜಿ ಒಳಗಿನ ಫೆಲ್ಟನ್ನೂ ಹಿಡಿಯಲಿ, ಬರೀ ಬಟ್ಟೆಗೆ ಹೊಲಿದರೆ ನಾಲ್ಕು ದಿನಕ್ಕೆ ಹರಿದು ಬರುತ್ತದೆ.

ಆಟ ಮರೆತವರಿಗೆ

ನಾಲ್ಕು ಜನ ನಾಲ್ಕು ಬದಿಗೆ, ಕಾಯಿಗಳೆಲ್ಲಾ ತಮ್ಮ ತಮ್ಮ ಕಟ್ಟೆಯಲ್ಲಿ. ಕವಡೆ ಬಾಯಿ ಮೇಲಾಗಿ ಎಷ್ಟು ಬಿತ್ತೋ ಅಷ್ಟು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕ, 4. ನಾಲ್ಕೂ ಬೋರಲು ಬಿದ್ದರೆ ಬಾರ, 8. ಇವೆರಡಕ್ಕೆ ಇನ್ನೊಂದು ಸಲ ಹಾಕಬಹುದು. ಕಾಯಿ ಹೊರಸುತ್ತಿನಲ್ಲಿ ನಿಮ್ಮ ಬಲಕ್ಕೆ ಹೊರಟು 15 ಮನೆ ನಡೆದು, ಬಾಣದ ಮನೆಯಿಂದ ಒಳಕ್ಕೆ ತಿರುಗಿ, ಒಳಸುತ್ತಿನ 8 ಮನೆಯನ್ನು ಉಲ್ಟಾ ದಿಕ್ಕಿನಲ್ಲಿ ಮುಗಿಸಿ, ಮಧ್ಯಕ್ಕೆ ಬಂದರೆ ಹಣ್ಣು. ಒಟ್ಟು 24 ಹೆಜ್ಜೆ. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕಟ್ಟೆಯಲ್ಲಿದ್ದ ಕಾಯಿಯನ್ನು ಹೊಡೆಯೋ ಹಾಗಿಲ್ಲ. ಇದು ನಮ್ಮ ಮನೆ ಲೆಕ್ಕ, ಊರಿಗೊಂದು ನಿಯಮ ಇದೆ, ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಫೆಲ್ಟ್ ಮೇಲೆ ಕವಡೆ ಉರುಳಲ್ಲ, ಬಿದ್ದಲ್ಲೇ ನಿಲ್ಲುತ್ತದೆ. ಪ್ರಯಾಣದಲ್ಲಿ ಅದು ಒಳ್ಳೇದೇ. ಆದರೆ ಎರಡೂ ಕೈಯಲ್ಲಿ ಚೆನ್ನಾಗಿ ಕುಲುಕಿ ಹಾಕಬೇಕು, ಇಲ್ಲದಿದ್ದರೆ ನಮ್ಮ ಮಗಳ ಥರ ಜೋಡಿಸಿಟ್ಟು ಮೆತ್ತಗೆ ಬಿಟ್ಟು ಬಾರ ಬಾರ ಅಂತ ಕೂಗುವವರು ಹುಟ್ಟಿಕೊಳ್ಳುತ್ತಾರೆ. ಜೇಬಿನ ಅಂಚಿಗೆ ಒರಗಿ ಓರೆ ನಿಂತ ಕವಡೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು.

ಕೊಳೆಯಾದರೆ ತಣ್ಣೀರಿನಲ್ಲಿ ಲಿಕ್ವಿಡ್ ಸೋಪು ಹಾಕಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ಮೇಲೆ ನಾರು ಉಂಡೆ ಕಟ್ಟಿದರೆ ಚಿಕ್ಕ ಕತ್ತರಿಯಲ್ಲಿ ಕತ್ತರಿಸಿ. ಐದು ಕವಡೆ ತಗೊಳ್ಳಿ ಅಂದಿದ್ದೆನಲ್ಲ, ಐದನೆಯದು ಜೇಬಿನಲ್ಲಿ ಬೇಡ. ನಿಮ್ಮ ಪರ್ಸಿನಲ್ಲಿ ಇಟ್ಟುಕೊಳ್ಳಿ.